ಅಕ್ಕನ ಮಗ ಕೇಳಿದ ಪ್ರಶ್ನೆ: ಪ್ರೈವೇಟ್ ಕೆಲಸವೋ, ಸೈಟ್ ಕೆಲಸವೋ?



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಇದ್ದಾಗ ಓದಿ.

ಕಳೆದ ಭಾನುವಾರ ನಮ್ಮ ಅಕ್ಕನ ಮಗ ಬಂದಿದ್ದ. ಬಂದವನು ಒಳಗೆ ಬರದೆ ಬಾಗಿಲ ಪಕ್ಕದ ಕಟ್ಟೆ ಮೇಲೆ ಕೂತು ಮೊಬೈಲ್ ನೋಡ್ತಾ ಇದ್ದ. ಏನೋ ಕೇಳೋದಿದೆ ಅಂತ ಗೊತ್ತಾಯ್ತು. ಇಪ್ಪತ್ನಾಲ್ಕು ವರ್ಷದ ಹುಡುಗ. ಪಿಯುಸಿಯಲ್ಲಿ ಇಂಗ್ಲಿಷ್ ಹೋಯ್ತು ಅಂತ ಕಾಲೇಜು ಬಿಟ್ಟು ಅವರಪ್ಪನ ಜೊತೆ, ಅಂದ್ರೆ ನಮ್ಮ ಭಾವನ ಜೊತೆ, ಗಾರೆ ಕೆಲಸಕ್ಕೆ ಸೇರಿಕೊಂಡವನು. ಕರಣೆ ಹಿಡಿಯೋದನ್ನ ಕಲಿಸಿದ್ದು ಮಾತ್ರ ಅವನ ತಾತ, ನಮ್ಮಪ್ಪ. ಟೇಕಲ್, ಮಾಲೂರು, ಬಂಗಾರಪೇಟೆ ಸುತ್ತಮುತ್ತ ಹಳ್ಳಿಗಳಲ್ಲಿ ಮನೆ ಕಟ್ಟುತ್ತಾರೆ.

ಕಾಫಿ ಕುಡಿದ ಮೇಲೆ ಬಾಯಿಬಿಟ್ಟ.

"ಮಾವ, ಪ್ರೈವೇಟ್ ಕೆಲ್ಸ ಬಿಟ್ಟು ಕಂಪನಿ ಸೈಟ್‌ಗೆ ಹೋಗೋಣ ಅಂತಿದ್ದೀನಿ. ವೈಟ್‌ಫೀಲ್ಡ್ ಕಡೆ. ಏನಂತೀರ?"

ನಾನು ಸಂಘಟನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ. ಮೈಕ್ ಕೊಟ್ರೆ ಒಂದು ಗಂಟೆ ಮಾತಾಡ್ತೀನಿ. ಈ ಹುಡುಗನ ಪ್ರಶ್ನೆಗೆ ಮಾತ್ರ "ನೋಡಿ ಹೇಳ್ತೀನಿ ಕಣೋ" ಅಂದು ಕಳಿಸಿದೆ. ನೋಡಿ ಹೇಳೋದಕ್ಕೆ ಏನಿತ್ತು? ನಮ್ಮ ಮನೆಯಲ್ಲಿ ಎರಡೂ ಕೆಲಸ ಮಾಡಿದವರನ್ನು ಕಣ್ಣಾರೆ ಕಂಡವನು ನಾನು. ಒಂದನ್ನು ಅಪ್ಪ ಮಾಡಿದ, ಇನ್ನೊಂದನ್ನು ಅಣ್ಣ. ಹೇಳೋಕೆ ಆಗದೇ ಇದ್ದದ್ದಕ್ಕೆ ಬೇರೆ ಕಾರಣ ಇದೆ. ಅದನ್ನು ಇಲ್ಲಿ ಬರೆದುಬಿಡ್ತೀನಿ.

ಮೊದಲು ಅಪ್ಪನ ವಿಚಾರ.

ಅಪ್ಪ ಓದು ಬರಹ ಕಲಿತವನಲ್ಲ. ಆದ್ರೆ ಪಾಯಕ್ಕೆ ಗುರುತು ಹಾಕೋವಾಗ ದಾರ ಹಿಡಿದು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಅಳೆದು, ಅಡ್ಡಕ್ಕೆ ಐದು ಅಡಿ ಬಂದ್ರೆ ಮೂಲೆ ಸರಿ ಇದೆ ಅಂತಿದ್ದ. ಹೈಸ್ಕೂಲಿನಲ್ಲಿ ಮೇಷ್ಟ್ರು ಪೈಥಾಗೊರಸ್ ಪ್ರಮೇಯ ಹೇಳಿಕೊಟ್ಟಾಗ, ಇದು ನಮ್ಮಪ್ಪ ಸುಣ್ಣದ ಪುಡಿಯಲ್ಲಿ ಬರೆಯೋದೇ ಅಲ್ವಾ ಅಂತ ನನಗೆ ನಗು ಬಂದಿತ್ತು. ಮೇಷ್ಟ್ರು ಯಾಕೋ ನಗ್ತೀಯ ಅಂತ ಎರಡು ಬಿಟ್ಟರು.

ಬೇಸಿಗೆ ರಜೆ ಬಂದ್ರೆ ನಾನೂ ಹೋಗಬೇಕು. ನನ್ನ ಕೆಲಸ ಇಟ್ಟಿಗೆ ನೆನೆಸೋದು. ಮಾಲೂರಿನ ಇಟ್ಟಿಗೆ, ಲೋಡು ಬಂದು ಬೀಳುತ್ತಿತ್ತು. ಡ್ರಮ್ಮಿಗೆ ನೀರು ತುಂಬಿ ಅದರೊಳಗೆ ಇಟ್ಟಿಗೆ ಮುಳುಗಿಸಿ, ಗುಳ್ಳೆ ಬರೋದು ನಿಂತ ಮೇಲೆ ತೆಗೆಯಬೇಕು. ಒಣ ಇಟ್ಟಿಗೆ ಇಟ್ಟು ಕಟ್ಟಿದ್ರೆ ಗಾರೆಯಲ್ಲಿರೋ ನೀರೆಲ್ಲ ಅದೇ ಕುಡಿದುಬಿಡುತ್ತೆ, ಗೋಡೆ ಸತ್ತ ಗೋಡೆ ಆಗುತ್ತೆ ಅಂತ ಅಪ್ಪ ಹೇಳ್ತಿದ್ದ. ಅಮ್ಮ ಮತ್ತು ಅಕ್ಕ ಗಾರೆ ಕಲಸಿ ಬಾಂಡ್ಲಿಯಲ್ಲಿ ಹೊರುತ್ತಿದ್ದರು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಅಣ್ಣ ಸಾರುವೆ ಮೇಲೆ ನಿಂತು ಇಟ್ಟಿಗೆ ಕೊಡುತ್ತಿದ್ದ. ನಾವು ಐದೂ ಜನ ದುಡಿದರೆ ಮನೆ ಮಾಲೀಕ ಕೊಡುತ್ತಿದ್ದದ್ದು ಒಬ್ಬ ಮೇಸ್ತ್ರಿ, ಎರಡು ಹೆಣ್ಣಾಳಿನ ಲೆಕ್ಕ. ಅಣ್ಣ, ನಾನು ಲೆಕ್ಕಕ್ಕೆ ಇಲ್ಲ. "ಹುಡುಗರು ತಾನೇ."

ಒಂದು ಮನೆ ನನಗೆ ಚೆನ್ನಾಗಿ ನೆನಪಿದೆ. ನಾನು ಒಂಬತ್ತನೇ ಕ್ಲಾಸು ಮುಗಿಸಿದ್ದ ಬೇಸಿಗೆ. ನಮ್ಮೂರಿಂದ ನಾಲ್ಕು ಮೈಲಿ ದೂರದ ಹಳ್ಳಿ. ಊರಿನ ದೊಡ್ಡ ಗೌಡ್ರ ಮನೆ. ಗೋಡೆ ಕಟ್ಟಿದ ಮೇಲೆ ವಾರಗಟ್ಟಲೆ ನೀರು ಹಾಕಬೇಕಲ್ಲ, ಅದಕ್ಕೆ ಅವರ ಬಾವಿಯಿಂದಲೇ ನೀರು. ಆದ್ರೆ ಬಾವಿಗೆ ನಾವು ಕೊಡ ಇಳಿಸೋ ಹಾಗಿಲ್ಲ. ಅವರ ಮನೆ ಆಳು ಸೇದಿ ಡ್ರಮ್ಮಿಗೆ ಸುರಿಯೋದು, ಡ್ರಮ್ಮಿಂದ ನಾವು ಮೊಗೆದು ಗೋಡೆಗೆ ಹೊಡೆಯೋದು. ಗೋಡೆಗೆ ಹಾಕೋ ನೀರನ್ನ ನಾವು ಮುಟ್ಟಬಹುದು. ಕುಡಿಯೋಕೆ ನೀರು ಬೇಕಾದ್ರೆ ಮಾತ್ರ ಬೊಗಸೆ ಒಡ್ಡಿ ನಿಲ್ಲಬೇಕು, ಅವರ ಮನೆ ಹೆಣ್ಣಾಳು ಮೇಲಿಂದ ಹುಯ್ಯೋಳು. ಎರಡೂ ಒಂದೇ ಬಾವಿಯ ನೀರು.

ಆ ಮನೆ ಕಟ್ಟುವಾಗ ನಾವು ಎಲ್ಲೆಂದರಲ್ಲಿ ಓಡಾಡಿದೆವು. ಈಗ ದೇವರ ಕೋಣೆ ಇರೋ ಜಾಗದಲ್ಲಿ ಕೂತು ನಾನು ಮುದ್ದೆ ಉಂಡಿದ್ದೀನಿ. ಅಡುಗೆ ಮನೆ ಜಾಗದಲ್ಲಿ ಅಮ್ಮ ಮಧ್ಯಾಹ್ನ ಸೆರಗು ಹಾಸಿ ಹತ್ತು ನಿಮಿಷ ಮಲಗುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ. ವಾಸ್ಕಾಲು ನಿಲ್ಲಿಸೋ ದಿನ ಬಂತು. ಅಪ್ಪ ಬೆಳಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ, ತೊಳೆದ ಅಂಗಿ ಹಾಕ್ಕೊಂಡು ಬಂದಿದ್ದ. ಗುಂಡು ಬಿಟ್ಟು, ರಸಮಟ್ಟ ಇಟ್ಟು, ವಾಸ್ಕಾಲು ನಿಲ್ಲಿಸಿ ಕೊಟ್ಟ. ಅಷ್ಟರಲ್ಲಿ ಪೂಜೆಯವರು ಬಂದರು. "ನೀವು ಸ್ವಲ್ಪ ಆ ಕಡೆ ಇರ್ರಪ್ಪ" ಅಂದರು. ನಾವು ಜಲ್ಲಿ ರಾಶಿ ಹತ್ತಿರ ಹೋಗಿ ನಿಂತೆವು. ಹೊಸ್ತಿಲಿಗೆ ಅರಿಶಿನ ಕುಂಕುಮ ಬಿತ್ತು. ಆವತ್ತಿಂದ ಆ ಮನೆಗೆ ಒಳಗು ಹೊರಗು ಅಂತ ಆಯ್ತು. ಗೋಡೆ ಇನ್ನೂ ನನ್ನ ಎದೆ ಮಟ್ಟಕ್ಕೇ ಇತ್ತು, ಯಾವ ಕಡೆಯಿಂದ ಬೇಕಾದ್ರೂ ದಾಟಬಹುದಿತ್ತು.

ಗೃಹಪ್ರವೇಶಕ್ಕೆ ಕರೆದರು, ಇಲ್ಲ ಅನ್ನಲ್ಲ. ಎಲ್ಲರ ಊಟ ಆದ ಮೇಲೆ ಹಿತ್ತಲಲ್ಲಿ ಎಲೆ ಹಾಕಿದರು. ಅಪ್ಪನಿಗೆ ಒಂದು ಪಂಚೆ ಕೊಟ್ಟರು. ಕೈಗೆ ಕೊಡಲಿಲ್ಲ, ಕಟ್ಟೆ ಮೇಲಿಟ್ಟರು, ಇವನು ತಗೊಂಡ. ಬಾಕಿ ಕೂಲಿ "ರಾಗಿ ಮಾರಿದ ಮೇಲೆ" ಅಂದರು. ಎಷ್ಟು ಸುಗ್ಗಿ ಕಳೆದರೂ ಆ ರಾಗಿ ಮಾರಾಟ ಆಗಲಿಲ್ಲ ಅನ್ಸುತ್ತೆ.

ಇಷ್ಟೇ ಹೇಳಿ ನಿಲ್ಲಿಸಿದ್ರೆ ಅದು ನನ್ನ ಭಾಷಣ ಆಗುತ್ತೆ. ಅಪ್ಪನ ಬಗ್ಗೆ ಇನ್ನೊಂದು ಮಾತೂ ಇದೆ. ಆ ಕೆಲಸದಲ್ಲಿ ಅವನೇ ಮೇಸ್ತ್ರಿ. ಗೌಡ್ರು ಬಂದು "ಈ ಕಿಟಕಿ ಇಲ್ಲಿ ಬೇಡ" ಅಂದ್ರೆ "ಸ್ವಾಮಿ, ಇಲ್ಲೇ ಇರ್ಲಿ, ಅಲ್ಲಿಟ್ರೆ ಮಳೆ ಹೊಡೀತದೆ" ಅಂತ ಹೇಳುತ್ತಿದ್ದ. ಗೌಡ್ರು ಕೇಳುತ್ತಿದ್ದರು. ಅಪ್ಪನ ಮಾತನ್ನು ಆ ಊರಲ್ಲಿ ಯಾರಾದ್ರೂ ಕೇಳಿದ್ದು ಅಂತ ಇದ್ರೆ ಅದೊಂದೇ ಜಾಗದಲ್ಲಿ, ಗೋಡೆಯ ವಿಚಾರದಲ್ಲಿ. ಹಬ್ಬಕ್ಕೆ ಎರಡು ದಿನ ಕೆಲಸ ನಿಲ್ಲಿಸೋನು. ಮೈ ಸರಿಯಿಲ್ಲ ಅಂದ್ರೆ ಹೋಗ್ತಿರಲಿಲ್ಲ. ಬಸ್ಸಲ್ಲಿ ಹೋಗುವಾಗ ಕಿಟಕಿಯಿಂದ ಕೈ ತೋರಿಸಿ "ಅದು ನಾನ್ ಕಟ್ಟಿದ್ದು, ಅದೋ ಅದೂ" ಅಂತಿದ್ದ. ಅವನು ಸತ್ತು ವರ್ಷಗಳಾದವು. ಆ ರಸ್ತೆಯಲ್ಲಿ ಈಗಲೂ ನಾನು ಎಣಿಸುತ್ತಾ ಹೋಗ್ತೀನಿ, ಹನ್ನೊಂದು ಮನೆ.

ಇನ್ನು ಅಣ್ಣನ ವಿಚಾರ.

2000ನೇ ಇಸವಿ ಮಾರ್ಚ್‌ನಲ್ಲಿ ಕಂಬಾಲಪಲ್ಲಿ ಆಯ್ತು. ಏಳು ಜನ ನಮ್ಮವರನ್ನು ಸುಟ್ಟರು. ಆಗ ಅದೂ ನಮ್ಮ ಕೋಲಾರ ಜಿಲ್ಲೆಯೇ. ನಾನು ಬಿ.ಎ. ಓದುತ್ತಿದ್ದೆ, ಮೆರವಣಿಗೆಗೆ ಹೋಗಿ ಬಂದೆ. ಅಣ್ಣ ಮೆರವಣಿಗೆಗೆ ಬರಲಿಲ್ಲ. ಒಂದು ವಾರ ಸುಮ್ಮನಿದ್ದು, ಆಮೇಲೆ "ನಾನಿನ್ನು ಊರೂರು ತಿರುಗಿ ಇವರ ಮನೆ ಕಟ್ಟಲ್ಲ" ಅಂದ. ಬೆಳಗಿನ ಮಾರಿಕುಪ್ಪಂ ಗಾಡಿ ಹತ್ತಿದ.

ಆ ಗಾಡಿಯ ಬಗ್ಗೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಕೆಜಿಎಫ್, ಬಂಗಾರಪೇಟೆ, ಟೇಕಲ್, ಮಾಲೂರು ಕಡೆಯಿಂದ ಬೆಳಗಾಗೋ ಮುಂಚೆ ಬೆಂಗಳೂರಿಗೆ ಹೊರಡೋ ಗಾಡಿಗಳಲ್ಲಿ ಕೂರೋಕಿರಲಿ, ಒಂಟಿ ಕಾಲಲ್ಲಿ ನಿಲ್ಲೋಕೂ ಜಾಗ ಸಿಗಲ್ಲ. ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದಾದ ಮೇಲಂತೂ ಮಣ್ಣೊಳಗೆ ಇಳಿಯುತ್ತಿದ್ದವರ ಮಕ್ಕಳೆಲ್ಲ ಇದೇ ಗಾಡಿಯಲ್ಲಿ. ಸೆಕ್ಯುರಿಟಿ ಗಾರ್ಡ್, ಗಾರ್ಮೆಂಟ್ಸ್ ಹುಡುಗಿಯರು, ಹೌಸ್ ಕೀಪಿಂಗ್, ಗಾರೆಯವರು, ಸೆಂಟ್ರಿಂಗಿನವರು. ವೈಟ್‌ಫೀಲ್ಡ್, ಕೆ.ಆರ್. ಪುರದಲ್ಲಿ ಅರ್ಧ ಗಾಡಿ ಖಾಲಿ ಆಗುತ್ತಿತ್ತು. ಆ ಕಡೆ ಐಟಿ ಕಟ್ಟಡಗಳು ಎದ್ದ ಕಾಲ ಅದು.

ಅಣ್ಣ ಮೊದಲ ದಿನ ಕೆಲಸ ಮಾಡಿ ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದ. ಅಮ್ಮ ಕೂಲಿ ಎಷ್ಟೋ ಅಂದಳು. ಅವನು ಕೂಲಿ ಹೇಳಲಿಲ್ಲ. "ಅಮ್ಮಾ, ಅಲ್ಲಿ ಒಂದೇ ಡ್ರಮ್ಮು. ಒಂದೇ ಲೋಟ, ದಾರ ಕಟ್ಟಿರ್ತಾರೆ. ಎಲ್ಲರೂ ಅದರಲ್ಲೇ ಕುಡೀತಾರೆ" ಅಂದ. ಅಪ್ಪ ಬೀಡಿ ಸೇದುತ್ತಾ ಕೂತಿದ್ದವನು "ಇಂಜಿನಿಯರ್ರೂ?" ಅಂದ. "ಇಂಜಿನಿಯರ್ಗೆ ಬಾಟ್ಲಿ ಇರ್ತದಪ್ಪ" ಅಂದ ಅಣ್ಣ. ಅಪ್ಪ ನಕ್ಕುಬಿಟ್ಟ. ಆ ನಗುವಿನಲ್ಲಿ ಖುಷಿ ಇತ್ತು, ಸುಳ್ಳು ಹೇಳಲ್ಲ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಆಡಿದ ಮಾತು ನಿಮಗೆಲ್ಲ ಗೊತ್ತಿರುತ್ತೆ. ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಅವರು ಕೊಟ್ಟ ಉತ್ತರ ಅದು. ನಾನೂ ಎಷ್ಟೋ ಸಭೆಗಳಲ್ಲಿ ಅದನ್ನೇ ಹೇಳಿ, ಊರು ಬಿಡಿ, ನಗರಕ್ಕೆ ಹೋಗಿ, ಅಲ್ಲಿ ನಿಮ್ಮ ಜಾತಿ ಯಾರೂ ಕೇಳಲ್ಲ ಅಂದಿದ್ದೀನಿ. ಹೇಳುವಾಗ ನನ್ನ ಕಣ್ಣ ಮುಂದೆ ಇರೋದು ಆ ಡ್ರಮ್ಮು ಮತ್ತು ದಾರ ಕಟ್ಟಿದ ಲೋಟ.

ಆದ್ರೆ ಒಂದೆರಡು ವರ್ಷ ಕಳೆದ ಮೇಲೆ ಅಣ್ಣ ಬೇರೆ ಬೇರೆ ಮಾತಾಡೋಕೆ ಶುರು ಮಾಡಿದ. ಕಂಪನಿಯ ಕೆಳಗೆ ಕಾಂಟ್ರಾಕ್ಟರು, ಅವನ ಕೆಳಗೆ ಸಬ್ ಕಾಂಟ್ರಾಕ್ಟರು, ಅವನ ಕೆಳಗೆ ಲೇಬರ್ ಮೇಸ್ತ್ರಿ, ಅವನ ಕೆಳಗೆ ಇವರು. ಕಂಪನಿಯವನಿಗೆ ಇವರ ಮುಖ ಗೊತ್ತಿಲ್ಲ, ಇವರಿಗೆ ಕಂಪನಿಯವನ ಹೆಸರು ಗೊತ್ತಿಲ್ಲ, ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದಷ್ಟೇ. ಶನಿವಾರ ಬಟವಾಡೆ. ಮೇಸ್ತ್ರಿ ತನ್ನದು ಹಿಡಿದುಕೊಂಡು ಉಳಿದದ್ದು ಕೊಡೋನು. ಸಂಜೆ ಲೇಬರ್ ಶೆಡ್ಡುಗಳ ಕಡೆ ಹೋದ್ರೆ ರಾಯಚೂರು, ಯಾದಗಿರಿ, ಪಾಲಮೂರು, ಒಡಿಶಾ ಅಂತ ಸಾಲು ಸಾಲು. ಆ ಸಾಲುಗಳೊಳಗೆ ಮತ್ತೆ ಒಲೆಗಳು ಬೇರೆ ಬೇರೆ. ನೀರಿನ ಡ್ರಮ್ಮು ಒಂದೇ ಆದ್ರೂ ಅನ್ನದ ಒಲೆ ಒಂದಾಗಿರಲಿಲ್ಲ. ಮಣ್ಣು ಅಗೆಯೋರು, ತಲೆ ಮೇಲೆ ಹೊರೋರು ಯಾರು ಅಂತ ನೋಡಿದ್ರೆ, ಹೇಳೋದೇ ಬೇಡ. ಜಾತಿ ಕೇಳಲ್ಲ ಅನ್ನೋದು ನಿಜ. ಅವರಿಗೆ ಕೇಳೋ ಅಗತ್ಯವೇ ಇರಲಿಲ್ಲ.

ಒಂದು ಸಲ ಅಪ್ಪನನ್ನು ಸೈಟ್ ನೋಡೋಕೆ ಕರೆದುಕೊಂಡು ಹೋದ. (ಸೈಟ್ ಅಂದ್ರೆ ನಮ್ಮ ಕಡೆ ಎರಡು ಅರ್ಥ. ದುಡ್ಡಿರೋರು ಕೊಳ್ಳೋದೂ ಸೈಟೇ, ದುಡ್ಡಿಲ್ಲದೋರು ದುಡಿಯೋದೂ ಸೈಟೇ.) ಅಪ್ಪ ಒಂಬತ್ತು ಮಹಡಿ ಮೇಲಿಂದ ಕೆಳಗೆ ನೋಡಿದ. ಆಮೇಲೆ ಗೋಡೆ ನೋಡಿದ. ಸಿಮೆಂಟ್ ಬ್ಲಾಕು, ಕಂಬದಿಂದ ಕಂಬಕ್ಕೆ. ಭಾರ ಎಲ್ಲ ಕಂಬ, ಬೀಮಿನ ಮೇಲೆ. ಗೋಡೆ ಬರೀ ಮರೆ. "ಇದ್ರಲ್ಲಿ ಮೂಲೆ ಎತ್ತೋ ಕೆಲ್ಸಾನೇ ಇಲ್ವಲ್ಲೋ" ಅಂದನಂತೆ. ಅಣ್ಣನಿಗೆ ಆವತ್ತು ಕೋಪ ಬಂದಿತ್ತು. ಅಪ್ಪನಿಂದ ಕಲಿತದ್ದರಲ್ಲಿ ಕಾಲು ಭಾಗವೂ ಅವನಿಗೆ ಅಲ್ಲಿ ಬೇಕಾಗಿರಲಿಲ್ಲ. ಬೆಳಗ್ಗಿಂದ ಸಂಜೆವರೆಗೆ ನಾಲ್ಕಿಂಚು ಬ್ಲಾಕು, ನಾಳೆನೂ ನಾಲ್ಕಿಂಚು ಬ್ಲಾಕು. ಈಗ ಅದೂ ಹೋಗ್ತಾ ಇದೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯುಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಛಾವಣಿ ಎರಡನ್ನೂ ಒಟ್ಟಿಗೆ ಕಾಂಕ್ರೀಟ್ ಸುರಿದು ಎಬ್ಬಿಸ್ತಾರೆ, ಮೈವಾನ್ ಅಂತಾರೆ ಅದಕ್ಕೆ. ಇಟ್ಟಿಗೆನೂ ಇಲ್ಲ, ಗಾರೆನೂ ಇಲ್ಲ, ಪ್ಲಾಸ್ಟರಿಂಗೂ ಇಲ್ಲ. ಗಾರೆಯವನು ಅಲ್ಲಿಗೆ ಹೋದ್ರೆ ಅಚ್ಚು ಬಿಚ್ಚೋಕೆ, ಜೋಡಿಸೋಕೆ ನಿಲ್ಲಬೇಕು.

ಈಗ ಹೇಳಬೇಕಾದ ವಿಚಾರಕ್ಕೆ ಬರ್ತೀನಿ. ಇಷ್ಟು ಹೊತ್ತು ತಪ್ಪಿಸ್ತಾ ಇದ್ದೆ.

2005ರಲ್ಲಿ ಅಣ್ಣ ಸಾರುವೆಯಿಂದ ಬಿದ್ದ. ಮೂರನೇ ಮಹಡಿಯ ಹೊರಗೋಡೆ ಪ್ಲಾಸ್ಟರಿಂಗ್. ಹಲಗೆ ಕಟ್ಟಿದ ಹಗ್ಗ ಜಾರಿತು. ಬೆಲ್ಟೂ ಇಲ್ಲ, ಬಲೆಯೂ ಇಲ್ಲ. ಕೆಳಗೆ ಮರಳಿನ ರಾಶಿ ಇದ್ದದ್ದರಿಂದ ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು. ಮೇಸ್ತ್ರಿ ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಸೇರಿಸಿ, ಮೊದಲ ಎರಡು ದಿನದ ಖರ್ಚು ಕೊಟ್ಟು ಹೋದ. ಮೂರನೇ ದಿನ ನಾನು ಸೈಟ್ ಆಫೀಸಿಗೆ ಹೋದೆ. ಅಲ್ಲಿದ್ದವರು ರಿಜಿಸ್ಟರ್ ತೆಗೆದು ತೋರಿಸಿದರು. ಅಣ್ಣನ ಹೆಸರು ಇರಲಿಲ್ಲ. ಐದು ವರ್ಷ ಆ ಗುತ್ತಿಗೆದಾರನ ಹತ್ತಿರವೇ ಸೈಟಿಂದ ಸೈಟಿಗೆ ದುಡಿದಿದ್ದಾನೆ, ಒಂದು ಪುಟದಲ್ಲೂ ಹೆಸರಿಲ್ಲ. "ಇಂಥ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ" ಅಂದರು. ಆಸ್ಪತ್ರೆ ಚೀಟಿಯಲ್ಲಿ ಮೇಸ್ತ್ರಿ ಬರೆಸಿದ್ದದ್ದು "ಮನೆಯಲ್ಲಿ ಜಾರಿ ಬಿದ್ದದ್ದು" ಅಂತ.

ಅಣ್ಣ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಅಂತ ಮನೆಯಲ್ಲಿ ಏನಾದ್ರೂ ಕಾಗದ ಇದೆಯಾ ಅಂತ ಟ್ರಂಕ್ ಪೂರ್ತಿ ಹುಡುಕಿದೆ. ಸಿಕ್ಕಿದ್ದು ರೈಲಿನ ತಿಂಗಳ ಪಾಸುಗಳು. ಅವನು ಒಂದನ್ನೂ ಬಿಸಾಡಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. ಟೇಕಲ್‌ನಿಂದ ವೈಟ್‌ಫೀಲ್ಡ್, ಟೇಕಲ್‌ನಿಂದ ವೈಟ್‌ಫೀಲ್ಡ್. ಐದು ವರ್ಷ ಅವನು ಅಲ್ಲಿಗೆ ಹೋದ ಅನ್ನೋದಕ್ಕೆ ರೈಲ್ವೆಯವರ ಸಾಕ್ಷಿ ಇತ್ತು. ಹೋಗಿ ಏನು ಮಾಡಿದ ಅನ್ನೋದಕ್ಕೆ ಇರಲಿಲ್ಲ.

ಹದಿನೈದು ದಿನ ಬಿಟ್ಟು ಮೇಸ್ತ್ರಿ ಮತ್ತು ಗುತ್ತಿಗೆದಾರನ ಕಡೆಯವನೊಬ್ಬ ಮನೆಗೆ ಬಂದರು. ಹಣ್ಣು ತಂದಿದ್ದರು. ನಲವತ್ತು ಸಾವಿರ ಕೊಡ್ತೀವಿ, ಇಲ್ಲಿಗೆ ಮುಗಿಸೋಣ, ಕೋರ್ಟು ಕಚೇರಿ ಅಂತ ಹೋದ್ರೆ ಇದೂ ಸಿಗಲ್ಲ ಅಂದರು. ಛಾಪಾ ಕಾಗದ ತಂದಿದ್ದರು, ಆದ್ರೆ ಬರೆಸಿಕೊಂಡು ಬಂದಿರಲಿಲ್ಲ. "ನೀವು ಓದಿದೋರು, ಅಕ್ಷರ ಚೆನ್ನಾಗಿದೆಯಂತಲ್ಲ, ನೀವೇ ಬರೀರಿ" ಅಂದರು.

ನಾನೇ ಬರೆದೆ.

ಆಗ ನಾನು ಒಂದು ಕಚೇರಿಯಲ್ಲಿ ದಿನಗೂಲಿ ಆಧಾರದ ಮೇಲೆ ಗುಮಾಸ್ತನಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ದಿನವೂ ಅರ್ಜಿ, ಟಿಪ್ಪಣಿ ಬರೆಯೋದೇ ಕೆಲಸ. ಕೈ ಹರಿಯುತ್ತಿತ್ತು. "ಸದರಿ ವ್ಯಕ್ತಿಯು ಸ್ವಂತ ಅಜಾಗರೂಕತೆಯಿಂದ ಬಿದ್ದಿದ್ದು, ಮಾನವೀಯತೆಯ ದೃಷ್ಟಿಯಿಂದ ನೀಡಿದ ಸಹಾಯಧನವನ್ನು ಪಡೆದು, ಮುಂದೆ ಯಾವುದೇ ತಕರಾರು ಮಾಡುವುದಿಲ್ಲವೆಂದು ಒಪ್ಪಿ..." ಅವರು ಹೇಳಿದ್ದನ್ನು ನಾನು ಇನ್ನೂ ಚಂದ ಮಾಡಿ ಬರೆದೆ. ಅಣ್ಣ ಮಲಗಿದ್ದಲ್ಲೇ ನನ್ನ ಮುಖ ನೋಡಿ, "ಸರೀನಾ?" ಅಂದ. "ಸರಿ, ಹಾಕು" ಅಂದೆ. ಸಹಿ ಹಾಕಿದ. ಅಮ್ಮ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಮನೆಯಲ್ಲಿ ಸಾಲ ಇತ್ತು, ಅಣ್ಣನಿಗೆ ಇನ್ನೊಂದು ಆಪರೇಷನ್ ಆಗಬೇಕಿತ್ತು, ನನಗೆ ಧೈರ್ಯ ಇರಲಿಲ್ಲ. ಕಾರಣಗಳು ಎಷ್ಟು ಬೇಕಾದ್ರೂ ಇವೆ.

ಮೂರು ವರ್ಷ ಆದ ಮೇಲೆ ಕಾರ್ಮಿಕ ಕಾನೂನಿನ ಬಗ್ಗೆ ಒಂದು ಶಿಬಿರಕ್ಕೆ ಸಂಘಟನೆಯಿಂದ ಹೋಗಿದ್ದೆ. ಅಲ್ಲಿ ಒಬ್ಬ ವಕೀಲರು 1923ರ ವರ್ಕ್‌ಮೆನ್ಸ್ ಕಾಂಪನ್ಸೇಷನ್ ಕಾಯ್ದೆ ಪಾಠ ಮಾಡಿದರು. 12ನೇ ಸೆಕ್ಷನ್: ಗುತ್ತಿಗೆದಾರನ ಮೂಲಕ ಕೆಲಸಕ್ಕಿದ್ದರೂ ಪರಿಹಾರ ಕೊಡುವ ಹೊಣೆ ಕೆಲಸ ಮಾಡಿಸುತ್ತಿರುವ ಮೂಲ ಮಾಲೀಕನ ಮೇಲಿದೆ. 17ನೇ ಸೆಕ್ಷನ್: ಪರಿಹಾರದ ಹಕ್ಕನ್ನು ಬಿಟ್ಟುಕೊಡ್ತೀನಿ ಅಂತ ಕೆಲಸಗಾರ ಮಾಡಿಕೊಟ್ಟ ಯಾವ ಒಪ್ಪಂದಕ್ಕೂ ಬೆಲೆಯಿಲ್ಲ. ಅಂದ್ರೆ ನಾನು ಅಷ್ಟು ಅಂದವಾಗಿ ಬರೆದ ಆ ಕಾಗದ ಕಾನೂನಿನ ಕಣ್ಣಲ್ಲಿ ರದ್ದಿ. ಆಮೇಲೆ 10ನೇ ಸೆಕ್ಷನ್: ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದ್ರೆ ಮನ್ನಿಸಬಹುದು ಅಂತಾನೂ ಇತ್ತು. ವಕೀಲರನ್ನು ಪಕ್ಕಕ್ಕೆ ಕರೆದು ಕೇಳಿದೆ. ಕಾರಣ ಏನು ಅಂತ ಬರೀತೀರಿ ಅಂದರು. ತಮ್ಮನಿಗೆ ಕಾನೂನು ಗೊತ್ತಿರಲಿಲ್ಲ ಅಂತ ಬರೆಯೋದಾ? ಸುಮ್ಮನೆ ಬಂದೆ.

ಅಣ್ಣನಿಗೆ ಇದನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ಅವನು ಫೇಸ್‌ಬುಕ್ ನೋಡಲ್ಲ. ಯಾರಾದ್ರೂ ತೋರಿಸಿದ್ರೆ ತೋರಿಸಲಿ ಅಂತಲೇ ಬರೀತಿದ್ದೀನಿ.

ಆಮೇಲೆ ಅವನು ಮತ್ತೆ ಪ್ರೈವೇಟ್ ಕೆಲಸಕ್ಕೇ ಬಂದ. ಸಾರುವೆ ಹತ್ತೋಕಾಗಲ್ಲ. ನೆಲದ ಮೇಲೆ ಕೂತು ಮಾಡೋ ಕೆಲಸ ಮಾಡ್ತಾನೆ, ಗೋಡೆಯ ಕೆಳಗಿನ ಪಟ್ಟಿ, ಟೈಲ್ಸು, ಸಂಪಿನ ಒಳಗೋಡೆ. ಕೋಲಾರದ ಹೊಸ ಬಡಾವಣೆಗಳಲ್ಲಿ ಮೇಷ್ಟ್ರು, ಗುಮಾಸ್ತರು, ಬ್ಯಾಂಕಿನವರು ಕಟ್ಟಿಸೋ ಮನೆಗಳು. ಇವರು ನೇರವಾಗಿ ಕೇಳಲ್ಲ. ಯಾವೂರು ಅಂತಾರೆ. ಊರಲ್ಲಿ ಯಾವ ಕಡೆ ಅಂತಾರೆ. ಯಾರ ಮನೆ ಹತ್ರ ಅಂತಾರೆ. ಮೂರು ಪ್ರಶ್ನೆಗೆ ಗೊತ್ತಾಗಿಬಿಡುತ್ತೆ.

ನಾನೂ ಮನೆ ಕಟ್ಟಿಸಿದವನೇ. 2014ರಲ್ಲಿ, ಬ್ಯಾಂಕ್ ಸಾಲ ಮಾಡಿ. ಅಣ್ಣ, ಭಾವ ಸೇರಿ ಕಟ್ಟಿದರು, ಹೆಲ್ಪರ್‌ಗಳು ಯಾದಗಿರಿ ಕಡೆಯ ನಮ್ಮವರೇ. ಅಪ್ಪ ಆಗ ಇದ್ದ, ದಿನಾ ಬಂದು ಕುರ್ಚಿ ಹಾಕ್ಕೊಂಡು ಕೂತು ಬೈಯುತ್ತಿದ್ದ. ಒಂದು ದಿನ ನನ್ನ ಹೆಂಡತಿ ಹೆಲ್ಪರ್‌ಗಳಿಗೆ ಟೀ ಕೊಡೋಕೆ ಪ್ಲಾಸ್ಟಿಕ್ ಲೋಟದ ಪ್ಯಾಕೆಟ್ ತಂದಿಟ್ಟಳು. ಯಾಕೆ ಅಂದೆ. "ತೊಳೆಯೋ ಕೆಲ್ಸ ತಪ್ಪುತ್ತೆ" ಅಂದಳು. ಇರಬಹುದು. ಅವಳದು ಬೇರೆ ಉದ್ದೇಶ ಅಂತ ನಾನು ಹೇಳಲ್ಲ. ಅಪ್ಪ ಏನೂ ಮಾತಾಡಲಿಲ್ಲ. ಎದ್ದು ಬಾಡಿಗೆ ಮನೆಯ ಅಡುಗೆ ಕೋಣೆಗೆ ಹೋಗಿ, ಇದ್ದಬದ್ದ ಸ್ಟೀಲ್ ಲೋಟ ಎಲ್ಲ ಬಾಂಡ್ಲಿಗೆ ಹಾಕ್ಕೊಂಡು ಬಂದು ಹೆಲ್ಪರ್‌ಗಳ ಮುಂದೆ ಇಟ್ಟ. ಟೀ ಕುಡಿದಾದ ಮೇಲೆ ಅವನೇ ಕೂತು ತೊಳೆದ. ನನ್ನ ಕಡೆ ನೋಡಲೂ ಇಲ್ಲ.

ಇನ್ನೊಂದೂ ಹೇಳಿಬಿಡ್ತೀನಿ. ಹಾಲಿನ ಪ್ಲಾಸ್ಟರಿಂಗ್‌ನಲ್ಲಿ ಬಿರುಕು ಬಂದಿದೆ ಅಂತ ಭಾವನ ಕೂಲಿಯಲ್ಲಿ ಐದು ಸಾವಿರ ಹಿಡಿದೆ. ಒಂದು ವರ್ಷ ಕೊಡಲಿಲ್ಲ. ಅಕ್ಕ ಕೇಳಿದಾಗ "ಅರಿಯರ್ಸ್ ಬರ್ಲಿ" ಅಂದಿದ್ದೆ. ಗೌಡ್ರು ರಾಗಿ ಅಂದಿದ್ದರು, ನಾನು ಅರಿಯರ್ಸ್ ಅಂದೆ.

ಕಾನೂನಿನ ಒಂದು ವಿಚಾರ ನಮ್ಮ ಕಾರ್ಯಕರ್ತರಿಗೆ ಗೊತ್ತಿರಬೇಕು. ಕಟ್ಟಡ ಕಾರ್ಮಿಕರಿಗೆ ಅಂತ ಕೇಂದ್ರ ಕಾಯ್ದೆ ಬಂದದ್ದು 1996ರಲ್ಲಿ. ನಮ್ಮ ರಾಜ್ಯದಲ್ಲಿ ಅದರ ನಿಯಮಗಳು ಬಂದದ್ದು 2006ರಲ್ಲಿ, ಅಣ್ಣ ಬಿದ್ದ ಮರುವರ್ಷ. ಕಟ್ಟಡದ ವೆಚ್ಚದಲ್ಲಿ ಶೇಕಡ 1ರಷ್ಟು ಸೆಸ್ ವಸೂಲಿ ಮಾಡಿ ಮಂಡಳಿಗೆ ಕೊಡಬೇಕು, ಅದರಿಂದ ಕಾರ್ಮಿಕರಿಗೆ ಪಿಂಚಣಿ, ಮಕ್ಕಳ ಓದು, ಅಪಘಾತ ಪರಿಹಾರ. ಆದ್ರೆ ಆ ಕಾಯ್ದೆಯಲ್ಲಿ, ಹತ್ತು ಲಕ್ಷ ಮೀರದ ಖರ್ಚಿನಲ್ಲಿ ಸ್ವಂತ ವಾಸಕ್ಕೆ ಮನೆ ಕಟ್ಟಿಸುವ ವ್ಯಕ್ತಿಯನ್ನು ಹೊರಗಿಟ್ಟರು. ಬಡವರು ಮನೆ ಕಟ್ಟಿಕೊಳ್ಳಲಿ ಅಂತ ಇರಬಹುದು. ಅಪ್ಪ ಕಟ್ಟಿದ ಹನ್ನೊಂದು ಮನೆಯೂ ಅದರೊಳಗೇ ಬರುತ್ತವೆ. ಕಾರ್ಡು ಮಾಡಿಸೋಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಕೂಲಿಯ ಬಾಕಿಯನ್ನೇ ಕೊಡದವರು 90 ದಿನ ಇವನೇ ದುಡಿದ ಅಂತ ಸಹಿ ಹಾಕಿ ಕೊಡ್ತಾರಾ? ಅಪ್ಪನಿಗೆ ಕೊನೆವರೆಗೂ ಕಾರ್ಡ್ ಆಗಲಿಲ್ಲ. ಇನ್ನೊಂದು ಕಡೆ ಕರಣೆಯನ್ನೇ ಮುಟ್ಟದವರ ಜೇಬಿನಲ್ಲಿ ಕಾರ್ಡು. ಆ ಜಗಳ ಇನ್ನೊಂದು ದಿನ ಬರೀತೀನಿ.

2020ರ ಲಾಕ್‌ಡೌನಿನಲ್ಲಿ ಕಾರ್ಡ್ ಇದ್ದವರ ಖಾತೆಗೆ ಸರ್ಕಾರ ಒಂದಿಷ್ಟು ದುಡ್ಡು ಹಾಕಿತು. ಅದೇ ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ ಬೆನ್ನಿಗೇ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಲು ಹೊರಟಿದ್ದು, ದೇಶವೆಲ್ಲ ಉಗಿದ ಮೇಲೆ ಮತ್ತೆ ಬಿಟ್ಟದ್ದು ಮರೆತಿಲ್ಲ ತಾನೇ? ಸೈಟಿನವರು ಊರಿಗೆ ಹೋಗೋಕೂ ಬೇರೆಯವರ ಒಪ್ಪಿಗೆ ಬೇಕಿತ್ತು. ನಮ್ಮಪ್ಪ ಹಬ್ಬಕ್ಕೆ ಎರಡು ದಿನ ಕೆಲಸ ನಿಲ್ಲಿಸುತ್ತಿದ್ದದ್ದು ನನಗೆ ಆಗ ನೆನಪಾಯ್ತು.

ಮತ್ತೆ ಅಕ್ಕನ ಮಗನ ವಿಚಾರ.

ಮೊನ್ನೆ ಅವನಿಗೆ ಫೋನ್ ಮಾಡಿ, ಮೊದಲು ನೀನು ಯಾಕೆ ಹೋಗಬೇಕು ಅಂತಿದ್ದೀಯ ಹೇಳು ಅಂದೆ. ಕೂಲಿ ಜಾಸ್ತಿನಾ ಅಂದೆ. ಇಲ್ಲ, ಇಲ್ಲಿ ಕೆಲಸ ಇದ್ದ ದಿನ ಸಾವಿರ ಸಿಗುತ್ತೆ, ಅಲ್ಲಿ ಅದಕ್ಕಿಂತ ಕಮ್ಮಿನೇ, ಆದ್ರೆ ತಿಂಗಳು ಪೂರ್ತಿ ಕೆಲಸ, ಪಿಎಫ್ ಹಿಡೀತಾರಂತೆ, ಹೆಲ್ಮೆಟ್, ಶೂ ಕೊಡ್ತಾರಂತೆ ಅಂದ. ಇಷ್ಟೇನಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೋದ್ ತಿಂಗ್ಳು ಒಂದ್ ಮನೆ ವಾಸ್ಕಾಲ್ ಪೂಜೆ ಇತ್ತು ಮಾವ" ಅಂದ.

ಮುಂದೆ ಹೇಳೋದು ಬೇಡ ಅಂದೆ. ಅವನು ಆದ್ರೂ ಹೇಳಿದ. ಜಲ್ಲಿ ರಾಶಿ ಈಗ ಎಂ ಸ್ಯಾಂಡ್ ರಾಶಿ ಆಗಿದೆ, ಅಷ್ಟೇ ವ್ಯತ್ಯಾಸ. ಇವನು ಮೊಬೈಲಲ್ಲಿ ಅದರ ವಿಡಿಯೋ ಮಾಡಿಕೊಂಡಿದ್ದಾನೆ. ಅವರಪ್ಪ ಡಿಲೀಟ್ ಮಾಡು, ಇನ್ನೂ ಅರ್ಧ ದುಡ್ಡು ಬರಬೇಕು ಅಂದನಂತೆ. ಮಾಡಿಲ್ಲ. ದೂರು ಕೊಡೋದಾದ್ರೆ ನಾನು ಬರ್ತೀನಿ ಅಂದಿದ್ದೀನಿ. ಯೋಚನೆ ಮಾಡ್ತೀನಿ ಅಂದಿದ್ದಾನೆ. ಅವನ ಮೇಲೆ ಒತ್ತಾಯ ಹಾಕೋ ಯೋಗ್ಯತೆ ನನಗಿಲ್ಲ.

ಹೋಗು ಅಂತಲೇ ಹೇಳಿದೆ. ಆದ್ರೆ ಹೋಗೋ ಮುಂಚೆ ಇಷ್ಟು ಮಾಡು ಅಂದೆ. ಮೊದಲ ದಿನವೇ ರಿಜಿಸ್ಟರಿನಲ್ಲಿ ಹೆಸರು ನೋಡು, ಆಧಾರಿನಲ್ಲಿರೋ ಹಾಗೇ ಇದೆಯಾ ನೋಡು. ಗೇಟಿನಲ್ಲಿ ಪಂಚ್ ಮಾಡೋ ಮೆಷಿನ್ ಯಾವ ಕಂಪನಿ ಹೆಸರಲ್ಲಿದೆ ನೋಡು. ಮೇಲಿನ ಕಂಪನಿ ಯಾವುದು, ನಡುವಿನವನು ಯಾರು, ಬೋರ್ಡಿನ ಫೋಟೋ ತೆಗೆದು ನನಗೆ ಕಳಿಸು. ಪಿಎಫ್ ನಂಬರ್ ಕೊಡೋವರೆಗೂ ಕೇಳ್ತಾ ಇರು. ಲೇಬರ್ ಕಾರ್ಡ್‌ಗೆ ದೃಢೀಕರಣ ಅವರ ಕೈಲೇ ಬರೆಸು. ಬೆಲ್ಟ್ ಕೊಡದೆ ಮೇಲೆ ಹತ್ತು ಅಂದ್ರೆ ಹತ್ತಬೇಡ, ಕೆಲಸ ಹೋದ್ರೆ ಹೋಗಲಿ. ಬಿಳಿ ಹಾಳೆ ಮೇಲಾಗಲಿ, ಛಾಪಾ ಕಾಗದದ ಮೇಲಾಗಲಿ ನನಗೆ ತೋರಿಸದೆ ಸಹಿ ಹಾಕಬೇಡ.

ಕೊನೇದು ಹೇಳುವಾಗ ಗಂಟಲು ಕಟ್ಟಿತು. ಅವನಿಗೆ ಗೊತ್ತಾಗಲಿಲ್ಲ ಅನ್ಸುತ್ತೆ.

"ಸರಿ ಮಾವ. ಸೋಮವಾರದಿಂದ ಹೋಗ್ತೀನಿ" ಅಂದ.

"ಪಾಸ್ ಮಾಡಿಸ್ಕೋ. ಹಳೇ ಪಾಸು ಒಂದೂ ಬಿಸಾಡಬೇಡ" ಅಂದೆ.

"ಈಗೆಲ್ಲ ಮೊಬೈಲಲ್ಲೇ ಬರುತ್ತೆ ಮಾವ, ತಿಂಗಳಾದ್ಮೇಲೆ ಹೋಗ್ಬಿಡುತ್ತೆ."

"ಹಂಗಾದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಕೋ" ಅಂದೆ.